ಗೊಂಬೆ ಮೆಟ್ಟಿಲಿನ ಬಿಳಿಮೀನು

ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ಕಮಲಾದೇವಿಯವರ ಮನೆಯ ದಸರಾ ಗೊಂಬೆ ಅಂದರೆ ಗೊತ್ತಿಲ್ಲದವರಿಲ್ಲ. ಬಡಾವಣೆಯ ಸಂಘದವರು ನಡೆಸುವ ಸ್ಪರ್ಧೆಯಲ್ಲಿ ಹಿಂದಿನ ಎರಡು ವರ್ಷವೂ ಅವರಿಗೇ ಮೊದಲ ಬಹುಮಾನ. ಮೂರನೆಯ ಸಲವೂ ಗೆದ್ದರೆ ಷೀಲ್ಡು ಕಾಯಂ ಆಗಿ ಮನೆಯಲ್ಲೇ ಉಳಿಯುತ್ತದೆ. ಎಂಬತ್ತಾರರ ಕಮಲಾದೇವಿ ಶೋಕೇಸಿನ ನಡುವಿನ ಖಾನೆಯಿಂದ ಪಿಂಗಾಣಿ ಸೆಟ್ಟು ತೆಗೆಸಿ ಆಗಲೇ ಜಾಗ ಮಾಡಿಟ್ಟಿದ್ದರು.

ಗೊಂಬೆ ಕೂರಿಸುವ ಕೆಲಸ ಈಗ ಸೊಸೆ ಸೀತಾಲಕ್ಷ್ಮಿಯದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಿಯಾದವಳು. ಈ ವರ್ಷ ಅವಳು ಆರಿಸಿಕೊಂಡದ್ದು ಕಾವೇರಿಯನ್ನು. ಪಟ್ಟದ ಗೊಂಬೆಗಳ ಕೆಳಗೆ ತಲಕಾವೇರಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ನದಿ ಇಳಿದು ಬಂದು, ಕೊನೆಯಲ್ಲಿ ತಲಘಟ್ಟಪುರದ ಕಡೆಯಿಂದ ಊರಿಗೆ ಕಾವೇರಿ ನೀರು ತರುವ ದೊಡ್ಡ ಪೈಪು, ಪೈಪಿನ ತುದಿಗೆ ಅವರದೇ ಅಡುಗೆಮನೆಯ ನಲ್ಲಿ. ನಡುವಿನ ಮೆಟ್ಟಿಲಲ್ಲಿ, ಸಂಗಮದ ಬಂಡೆಗಳ ಪಕ್ಕ, ಮೊಳದುದ್ದದ ಒಂದು ಮೀನು. ರದ್ದಿ ಪೇಪರು, ಮೆಂತ್ಯ ಅರೆದು ಮಾಡಿದ ಮೈ, ಪಿಸ್ತಾ ಸಿಪ್ಪೆಯ ಹುರುಪೆ, ಡುಬ್ಬದ ಹಾಗೆ ಎತ್ತಿದ ಬೆನ್ನು, ಕಿತ್ತಳೆ ಬಣ್ಣದ ರೆಕ್ಕೆ.

ಎದುರು ಮನೆಯಾಕೆ ಕುಂಕುಮಕ್ಕೆ ಬಂದವಳು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. "ನಿಮ್ಮನೇಲೂ ಮೀನಾ ಆಂಟಿ?"

"ತಿನ್ನೋಕಲ್ಲಮ್ಮ, ನೋಡೋಕೆ. ಹೊಳೇಲಿ ನೋಡೋಕೆ ಸಿಗಲ್ಲವಲ್ಲ."

ಸೀತಾಲಕ್ಷ್ಮಿ ಅದನ್ನು ಹೊಳೆಯಲ್ಲಿ ನೋಡಿದ್ದಳು, ಒಂದೇ ಸಲ, ಎಂ.ಎಸ್ಸಿ. ಓದುವಾಗ. ಸಂಗಮದ ಮಡುವಿನ ಆಳದಿಂದ ಎದ್ದು ಬಂದು, ಮಗುವಿನಷ್ಟು ದಪ್ಪದ ಮೈಯನ್ನು ನಿಧಾನವಾಗಿ ಹೊರಳಿಸಿ ಮತ್ತೆ ಇಳಿದು ಹೋಗಿತ್ತು. ಐವತ್ತು ಕಿಲೋ ದಾಟಿ ಬೆಳೆಯಬಲ್ಲ, ಹೊಳೆ ಕಡೆಯವರು ಬಿಳಿಮೀನು ಎನ್ನುವ ಈ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಅದರ ಬೆನ್ನು ಹತ್ತಿದ್ದು ಸಾಲದೆಂದು, ಮೀನು ಉಳಿಸುವವರೇ ಹೊರಗಿನ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ತಂದು ಅದರ ನೀರಿಗೆ ಬಿಟ್ಟರು. ಇಷ್ಟು ಹೆಸರುವಾಸಿಯಾದ ಮೀನಿಗೆ ವಿಜ್ಞಾನದಲ್ಲಿ ಯಾವ ಹೆಸರು ಸಲ್ಲುತ್ತದೆ ಎಂಬುದು ಇತ್ಯರ್ಥವಾದದ್ದು ೨೦೧೮ರಲ್ಲಿ. ಹೆಸರಿಲ್ಲದೆ ಅಪಾಯದ ಪಟ್ಟಿಗೆ ಸೇರಿಸುವ ಹಾಗಿಲ್ಲ. ಅದೇ ವರ್ಷ ಜಗತ್ತಿನ ಕೆಂಪು ಪಟ್ಟಿ ಸೇರಿತು, ಅದೂ ನಿಸರ್ಗದಿಂದ ಪೂರ್ತಿ ಅಳಿಯುವುದಕ್ಕೆ ಒಂದೇ ಮೆಟ್ಟಿಲು ಹಿಂದೆ. "ನಾಮಕರಣ ಆಗ್ತಿದ್ದ ಹಾಗೇ ಐಸಿಯು" ಎನ್ನುತ್ತಿದ್ದಳು ಸೀತಾಲಕ್ಷ್ಮಿ.

ಮೀನಿನ ಮುಂದಿಟ್ಟ ಚೀಟಿಯಲ್ಲಿ ಅವಳು ಬರೆದದ್ದು ಇಷ್ಟೇ: ‘ಬಿಳಿಮೀನು. ಸ್ಥಿತಿ: ಅಳಿವಿನ ತೀವ್ರ ಅಪಾಯ.’

ಪಾಡ್ಯದ ಸಂಜೆ ಕಮಲಾದೇವಿ ಕನ್ನಡಕ ಏರಿಸಿ ಓದಿದರು.

"ಅಳಿವು ಅಂತ ಬರೆದಿದ್ದೀಯಲ್ಲೇ ಸೀತಾ, ದೇವಿ ಕೂತಿರೋ ಕಡೆ! ಅಶ್ವಿನಿ ದೇವತೆಗಳು ಅಸ್ತು ಅಂದುಬಿಟ್ರೆ?"

ಆ ಮನೆಯಲ್ಲಿ ಯಾವುದೂ ಮುಗಿಯುವುದಿಲ್ಲ, ಯಾವುದೂ ಒಡೆಯುವುದಿಲ್ಲ. ಅಕ್ಕಿ ತೀರಿದರೆ ಅಕ್ಕಿ ಹೆಚ್ಚಾಯ್ತು, ಬಳೆ ಒಡೆದರೆ ಬಳೆ ಹೆಚ್ಚಾಯ್ತು. ಮದುವೆಯಾಗಿ ಬಂದ ಹೊಸದರಲ್ಲಿ ಕುಂಕುಮ ಖಾಲಿ ಅಂದು ಬೈಸಿಕೊಂಡವಳು ಸೀತಾಲಕ್ಷ್ಮಿ, ಮತ್ತೆಂದೂ ಅಂದಿರಲಿಲ್ಲ.

"ಅವರು ಅಸ್ತು ಅಂದು ಆಗಿದೆ ಅತ್ತೆ. ಬಳೆ ಒಡೆದ್ರೆ ಹೆಚ್ಚಾಯ್ತು ಅಂತೀವಿ, ಸರಿ. ನಾಕನೇ ಬ್ಲಾಕಿನ ಅಂಗಡಿಗೆ ಹೋದ್ರೆ ಬೇರೆ ಬಳೆ ಸಿಗತ್ತೆ. ಈ ಮೀನು ಹೋದ್ರೂ ಹೆಚ್ಚಾಯ್ತು ಅನ್ನೋಣ್ವಾ? ಎಲ್ಲಿಂದ ತರೋಣ?"

ಕಮಲಾದೇವಿ ಕನ್ನಡಕ ತೆಗೆದರು. "ಷೀಲ್ಡು ಕೈ ತಪ್ಪಿದ್ರೆ ನೋಡು" ಎಂದಷ್ಟೇ ಹೇಳಿ ಒಳಗೆ ಹೋದರು.

ಸರಸ್ವತಿ ಪೂಜೆಯ ದಿನ ಸಂಘದ ಕಾರ್ಯದರ್ಶಿ ಸೇತುರಾಮ ತೀರ್ಪುಗಾರನಾಗಿ ಬಂದ. ಅದೇ ರಸ್ತೆಯಲ್ಲಿ ಹುಟ್ಟಿ ಬೆಳೆದವನು, ಮನಸ್ಸಿನಲ್ಲಿ ಕೆಡುಕಿಲ್ಲದವನು. ಪೈಪಿನ ತುದಿಯ ನಲ್ಲಿ ನೋಡಿ, "ಸಖತ್ತಾಗಿದೆ ಮೇಡಂ!" ಅಂದ. ಆಮೇಲೆ ಚೀಟಿ ಓದಿ ತಲೆ ಕೆರೆದುಕೊಂಡ.

"ಒಂದೇ ಒಂದು ಪದ ಮೇಡಂ. ‘ಅಪರೂಪದ ಮೀನು’ ಅಂತ ಮಾಡ್ಬಿಡಿ. ಷೀಲ್ಡು ನಿಮ್ದೇ."

"ಅಪರೂಪ ಅಂದ್ರೆ ನೆಂಟರ ಥರ, ಯಾವಾಗ್ಲಾದ್ರೂ ಬರತ್ತೆ ಅಂದ್ಕೋತಾರೆ. ಬದಲಾಯ್ಸಲ್ಲ ಸೇತು."

"ಹಬ್ಬದ ಮನೆ ಇದು, ಕ್ಲಾಸ್ ರೂಮಲ್ಲ."

"ಕ್ಲಾಸಲ್ಲಿ ಹೇಳಿದ್ದನ್ನ ಪರೀಕ್ಷೆ ಮುಗಿದ ದಿನವೇ ಮರೀತಾರೆ. ಆ ಮೀನಿನ ನೀರು ಕುಡಿಯೋರೆಲ್ಲ ಈ ವಾರ ಈ ಹಾಲಿಗೆ ಬರ್ತಾರೆ. ಓದ್ಲಿ."

ಹೇಳಿದಳೇ ಹೊರತು ಅತ್ತೆಯ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಖಾಲಿ ಖಾನೆ ಕಣ್ಣಿಗೆ ಹೊಡೆಯುತ್ತಿತ್ತು.

"ಸರಿ, ತೀರ್ಪು ಬರೆಯೋವರೆಗೆ ಪಕ್ಕಕ್ಕಿಡೋಣ" ಎನ್ನುತ್ತ ಸೇತುರಾಮ ಚೀಟಿಗೆ ಕೈ ಹಾಕಿದ.

"ಕೈ ತೆಗಿಯೋ!"

ಕುರ್ಚಿಯಿಂದ ಬಂದ ಕಮಲಾದೇವಿಯವರ ದನಿಗೆ ಸೇತುರಾಮ ಚಿಕ್ಕ ಹುಡುಗನ ಹಾಗೆ ಕೈ ಹಿಂದಕ್ಕೆಳೆದುಕೊಂಡ.

"ಕೂರಿಸಿದ್ದನ್ನ ದಶಮಿಗೆ ಮುಂಚೆ ಅಲುಗಿಸೋ ಹಾಗಿಲ್ಲ. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

"ಬರೀ ಚೀಟಿ ಅಲ್ವಾ ಅಮ್ಮಾ..."

"ಮೀನಿನ ಜೊತೆ ಕೂತಿದೆ. ಆರು ದಿನದಿಂದ ಅದಕ್ಕೂ ಆರತಿ ಮಾಡಿದ್ದೀನಿ."

"ಹಾಗಾದ್ರೆ ಷೀಲ್ಡು?"

ಕಮಲಾದೇವಿ ಶೋಕೇಸಿನ ಕಡೆ ಒಮ್ಮೆ ನೋಡಿದರು. "ಷೀಲ್ಡು ಹೆಚ್ಚಾಯ್ತು ಅಂದ್ಕೊಳ್ಳಪ್ಪ. ಕೂತ್ಕೋ, ಉಸಲಿ ತಿನ್ನು."

ಷೀಲ್ಡು ಗೊಂಬೆಗಳ ನಡುವೆ ಮೈಸೂರು ಅರಮನೆ ಕಟ್ಟಿದ್ದವರ ಮನೆಗೆ ಹೋಯಿತು.

ದಶಮಿಯ ಸಂಜೆ ಆರತಿಯಾದ ಮೇಲೆ ಸೀತಾಲಕ್ಷ್ಮಿ ವಾಡಿಕೆಯಂತೆ ಗೊಂಬೆಗಳನ್ನು ಒಂದೊಂದಾಗಿ ಮಲಗಿಸುತ್ತ ಬಂದಳು. ಮೀನಿನ ಹತ್ತಿರ ಬಂದಾಗ ಅತ್ತೆ ತಡೆದರು.

"ಅದನ್ನ ಮಲಗಿಸ್ಬೇಡ. ಮೈ ಅಡ್ಡ ಹಾಕೋದು ಸತ್ತ ಮೀನು ತಾನೇ?"

ಹಬ್ಬದ ಹಾಲಿನಲ್ಲಿ ‘ಸತ್ತ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಸೀತಾಲಕ್ಷ್ಮಿ ಅಂದೇ ಮೊದಲು ಕೇಳಿದ್ದು. ಮೀನನ್ನು ಎತ್ತಿ ಶೋಕೇಸಿನ ಖಾಲಿ ಖಾನೆಯಲ್ಲಿ ನಿಲ್ಲಿಸಿದಳು. ಅದರಲ್ಲಿ ಹಿಡಿಯಲಿಲ್ಲ. ಕಿತ್ತಳೆ ಬಾಲ ಹೊರಗೇ ಉಳಿದು ಗಾಜಿನ ಬಾಗಿಲು ಮುಚ್ಚದಾಯಿತು.

"ತೆರೆದೇ ಇರ್ಲಿ ಬಿಡು" ಅಂದರು ಕಮಲಾದೇವಿ. ಚೀಟಿಯನ್ನು ತಾವೇ ಮೀನಿನ ಮುಂದೆ ಒರಗಿಸಿಟ್ಟು, ಬೀದಿಬಾಗಿಲಿಂದ ಬಂದವರಿಗೆ ಓದಲು ಬರುವ ಹಾಗೆ ತುಸು ತಿರುಗಿಸಿದರು.