ಮನೇಲಿ ಯಾರೂ ಇಲ್ಲ ತಾನೇ?

ಅಂಟುರಾಯ ಬೀದಿಗೆ ಬಂದರೆ ನಾಯಿಗಳು ಬಾಲ ಆಡಿಸುತ್ತಿದ್ದವು, ಮನುಷ್ಯರು ಕದ ಹಾಕಿಕೊಳ್ಳುತ್ತಿದ್ದರು. ತಪ್ಪು ಅವನದಲ್ಲ, ಅವನ ಹೆಗಲಿನ ಚೀಲದ್ದು. ಕೋರ್ಟಿನ ನೋಟಿಸುಗಳನ್ನು ಮನೆಮನೆಗೆ ಮುಟ್ಟಿಸುವ ಅಮೀನ ಅವನು. ಜನ ಕೈಯಲ್ಲಿ ತೆಗೆದುಕೊಂಡರೆ ಸರಿ, ಇಲ್ಲದಿದ್ದರೆ ಬಾಗಿಲಿಗೆ ಅಂಟಿಸಿ ಬರಬೇಕು. ಚೀಲದೊಳಗೆ ಕಾಗದಗಳ ಪಕ್ಕದಲ್ಲೇ ಒಂದು ಅಂಟಿನ ಡಬ್ಬಿ, ಕೂದಲು ಉದುರಿದ ಒಂದು ಬ್ರಷ್ಷು. ಬೆರಳ ತುದಿಗಳಲ್ಲಿ ಸದಾ ಒಣಗಿದ ಅಂಟು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿತ್ತು, ಊರ ಬಾಯಲ್ಲಿ ಮಾತ್ರ ಅವನು ಅಂಟುರಾಯ.

ಆದರೆ ಅಂಟಿಸುವುದರಲ್ಲಿ ಅವನಷ್ಟು ಸೋಮಾರಿ ಇನ್ನೊಬ್ಬನಿರಲಿಲ್ಲ. ಬೇಕೆಂದೇ ಸೋಮಾರಿ. ಮೊದಲ ಸಲ ಹೋದಾಗ ಕದ ತಟ್ಟುತ್ತಲೇ ಇರಲಿಲ್ಲ. ಬಾಗಿಲ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಇಡೀ ಬೀದಿಗೆ ಕೇಳುವಂತೆ, "ಮನೇಲಿ ಯಾರೂ ಇಲ್ಲ ತಾನೇ?" ಎಂದು ಕೂಗುತ್ತಿದ್ದ. ಒಳಗಿದ್ದವರಿಗೆ ಅರ್ಥವಾಗುತ್ತಿತ್ತು. ಪಾತ್ರೆಯ ಸದ್ದು ನಿಲ್ಲುತ್ತಿತ್ತು, ಅಳುವ ಮಗುವಿನ ಬಾಯಿಗೆ ಏನಾದರೂ ತುರುಕುತ್ತಿದ್ದರು. ಅಂಟುರಾಯ 'ಮನೆಯಲ್ಲಿ ಯಾರೂ ಇಲ್ಲ' ಎಂದು ಬರೆದುಕೊಂಡು ಹೊರಟುಬಿಡುತ್ತಿದ್ದ. ಅವನು ಮತ್ತೆ ಬರುವಷ್ಟರಲ್ಲಿ ಆ ಮನೆಯವರು ಒಬ್ಬ ವಕೀಲರನ್ನು ಹುಡುಕಿಕೊಳ್ಳಬಹುದು, ಮುನಿಸಿಕೊಂಡ ಅಣ್ಣತಮ್ಮಂದಿರು ಕೂತು ಮಾತಾಡಬಹುದು, ಏನಿಲ್ಲವೆಂದರೂ ಒಂದು ಸಲ ಚೆನ್ನಾಗಿ ಅತ್ತು ಹಗುರಾಗಬಹುದು. ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ, ನಿಜ. ಆದರೂ ಈ ಸುಳ್ಳಿನಿಂದ ಎಷ್ಟೋ ಮನೆಗಳು ಉಳಿದುಕೊಂಡಿದ್ದವು. ಇದನ್ನು ತಪ್ಪು ಎನ್ನುವವರ ಬಾಗಿಲಿಗೂ ಒಮ್ಮೆ ನೋಟಿಸು ಬರಲಿ, ಆಮೇಲೆ ಮಾತಾಡೋಣ.

ಅವನಿಗೆ ಇನ್ನೊಂದು ವ್ರತವೂ ಇತ್ತು. ಅಂಟಿಸುವ ಕಾಗದವನ್ನು ಅವನು ಓದುತ್ತಿರಲಿಲ್ಲ. ಹೆಸರು, ವಿಳಾಸ, ಸೀಲು ನೋಡಿದರೆ ಮುಗಿಯಿತು. ಕೆಲಸ ಕಲಿಸಿದ ಹಳೆಯ ಅಮೀನ ಮೊದಲ ದಿನವೇ ಹೇಳಿದ್ದ: "ಓದೋಕೆ ಶುರು ಮಾಡಿದ್ಯೋ, ಕೈ ನಡುಗುತ್ತೆ ಕಣಯ್ಯಾ. ಕೈ ನಡುಗಿದ್ರೆ ಕಾಗದ ಸೊಟ್ಟ ಅಂಟುತ್ತೆ." ಅಂಟುರಾಯ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದ. ಕೋರ್ಟಿನ ಫಲಕಕ್ಕೆ ಹೊಸ ಸುತ್ತೋಲೆಗಳನ್ನು ಅಂಟಿಸುವುದೂ ಅವನದೇ ಕೆಲಸ. ಅವುಗಳನ್ನೂ ಓದುತ್ತಿರಲಿಲ್ಲ.

ಇತ್ತೀಚೆಗೆ ಆ ಫಲಕಕ್ಕೆ ಬಿಡುವೇ ಇರಲಿಲ್ಲ. ಅಪರಾಧದ ಕಾನೂನಿಗೆ ಹೊಸ ಪುಸ್ತಕ ಬಂದು, ಹಳೆಯ ಸೆಕ್ಷನ್ ನಂಬರುಗಳೆಲ್ಲ ಬದಲಾಗಿ, ತಲೆ ನರೆತ ವಕೀಲರು ಕ್ಯಾಂಟೀನಿನಲ್ಲಿ ಮಗ್ಗಿ ಮರೆತ ಮಕ್ಕಳಂತೆ ಕೂತಿರುತ್ತಿದ್ದರು. ಗಂಡಹೆಂಡಿರ ವ್ಯಾಜ್ಯ ಕಂಪ್ಯೂಟರ್ ಪರದೆಯ ಮೇಲೆ ನಡೆಯತೊಡಗಿತ್ತು. ಅವನೊಂದು ಚೌಕದಲ್ಲಿ, ಅವಳೊಂದು ಚೌಕದಲ್ಲಿ, ಮೇಲೆ ನ್ಯಾಯಾಧೀಶರು. ಕಾರ್ಖಾನೆ ಕೆಲಸಗಾರರ ಹತ್ತಾರು ಕಾನೂನುಗಳನ್ನು ಒಟ್ಟಿಗೆ ಕಲಸಿ ಒಂದೇ ಮುದ್ದೆ ಮಾಡಿದರಂತೆ. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಂದ, ಅವರಿಗೆ ಬರೆದುಕೊಟ್ಟ ಆಸ್ತಿಯನ್ನು ವಾಪಸು ಕಿತ್ತುಕೊಳ್ಳಬಹುದಂತೆ. ಅಂಟುರಾಯನಿಗೆ ಎಲ್ಲವೂ ಕ್ಯಾಂಟೀನಿನಲ್ಲಿ ಕಿವಿಗೆ ಬಿದ್ದ 'ಅಂತೆ'ಗಳೇ. ವ್ಯಾಪಾರದ ತಕರಾರುಗಳಲ್ಲಿ ನೋಟಿಸನ್ನು ಫೋನಿಗೆ ಕಳಿಸಿದರೂ ಸಾಕು ಎಂಬ ನಿಯಮ ಬಂದಾಗ ಮಾತ್ರ ಅವನು ಖುಷಿಪಟ್ಟಿದ್ದ. "ನನ್ನ ಮಂಡಿಗೂ ಒಂದು ಕಾನೂನು ಬಂತು ನೋಡ್ರಪ್ಪಾ," ಎಂದು ಹೇಳಿಕೊಂಡು ತಿರುಗಿದ್ದ.

ಆಮೇಲಾಮೇಲೆ ಒಂದು ವಿಷಯ ಅವನನ್ನು ಒಳಗೊಳಗೇ ಕೊರೆಯತೊಡಗಿತು. ನೀಲಿ ಸೀಲಿನ ಕಾಗದವೆಂದರೆ 'ಬನ್ನಿ, ನಿಮ್ಮ ಮಾತು ಹೇಳಿ' ಎಂಬ ಕರೆ. ಕೆಂಪು ಸೀಲೆಂದರೆ ಎಲ್ಲ ಮುಗಿದ ಮೇಲಿನ ಆದೇಶ. ಚೀಲದಲ್ಲಿ ನೀಲಿ ಕಡಿಮೆಯಾಗುತ್ತಾ ಹೋಗಿ, ಈಗ ಬರೀ ಕೆಂಪು ಉಳಿದಿತ್ತು. ಕೆಂಪಿನ ಜೊತೆ ಅವನ ಹಿಂದೆಯೇ ಬೀಗ ಒಡೆಯುವವನು, ಪೊಲೀಸು ಎಲ್ಲ ಬರುತ್ತಿದ್ದರು. ಅಂಥ ಬಾಗಿಲುಗಳ ಮುಂದೆ ಅವನು ಕೂಗುತ್ತಿರಲಿಲ್ಲ. ಒಳಗಿನವರು ಸುಮ್ಮನಿದ್ದರೂ ಒಂದೇ, ಅತ್ತರೂ ಒಂದೇ. ಕದ ತಟ್ಟಿ ತಲೆ ತಗ್ಗಿಸಿ ನಿಲ್ಲುತ್ತಿದ್ದ.

ಅವನ ಅಕ್ಕನ ಮನೆ ಕೋರ್ಟಿನಿಂದ ದೂರವಿರಲಿಲ್ಲ. ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಅಮ್ಮ ತೀರಿಕೊಂಡ ಮೇಲೆ ಆ ಯಂತ್ರ ತುಳಿದೇ ಅವಳು ತಮ್ಮನನ್ನು ಸಾಕಿದ್ದು. ತಮ್ಮನಿಗೊಂದು ದಾರಿಯಾಗಲಿ ಎಂದು ತನ್ನ ಮದುವೆಯ ಮಾತನ್ನು ಮುಂದೆ ಹಾಕುತ್ತಾ ಹಾಕುತ್ತಾ ಕೂದಲು ಬೆಳ್ಳಗಾಗಿತ್ತು. ಅದು ಬಾಡಿಗೆ ಮನೆ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು. ಹಳೆಯ ಮಾಲೀಕ ಸತ್ತು, ಅವನ ಮಗ ಆ ಬೀದಿಯ ಮನೆಗಳನ್ನೆಲ್ಲ ಕಟ್ಟಡ ಕಟ್ಟುವ ಕಂಪನಿಯೊಂದಕ್ಕೆ ಮಾರಿದಾಗ ಮತ್ತೆ ನೆನಪಾಯಿತು.

"ಪುಟ್ಟಾ, ಫೋನಿಗೆ ಏನೋ ಬಂದಿದೆ ಕಣೋ. ಕೋರ್ಟು ಅಂತಿದೆ," ಎಂದಳು ಅಕ್ಕ ಒಂದು ಮಧ್ಯಾಹ್ನ, ಅವನು ಊಟಕ್ಕೆ ಕೂತಿದ್ದಾಗ.

ಅಂಟುರಾಯ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮನೆ ಬಾಗಿಲಿಗೆ ಕೋರ್ಟು ಅಂದ್ರೆ ನಾನು. ನಾನು ಬಂದು ಕೈಗೆ ಕೊಡೋ ತನಕ ಅದು ನೋಟಿಸೇ ಅಲ್ಲ. ಫೋನಲ್ಲಿ ಬರೋದೆಲ್ಲ ಮೋಸಗಾರರದ್ದು, ಮುಟ್ಟಿದ್ರೆ ಬ್ಯಾಂಕಲ್ಲಿರೋದನ್ನೆಲ್ಲ ಗುಡಿಸಿಕೊಂಡು ಹೋಗ್ತಾರೆ."

"ಆಮೇಲೆ ಏನೂ ತೊಂದರೆ ಆಗಲ್ಲ ತಾನೇ?"

"ನಿನ್ನ ತಮ್ಮ ಅಮೀನ ಕಣಕ್ಕಾ! ನಿಜವಾದ್ದು ಬಂದ್ರೆ ನಾನೇ ತರ್ತೀನಿ. ಹೊರಗೆ ನಿಂತು ಕೂಗ್ತೀನಿ. ನಾನು ಏನೇ ಕೂಗಲಿ, ನೀನು ಉಸಿರೆತ್ತಬೇಡ. ಆಮೇಲೆ ಒಳ್ಳೇ ವಕೀಲರನ್ನ ಹಿಡಿಯೋ ಜವಾಬ್ದಾರಿ ನಂದು."

"ನನ್ನ ಹತ್ರಾನೂ ನಿನ್ನ ಬಾಗಿಲಾಟ ಆಡ್ತೀಯಾ, ಕಳ್ಳ," ಎಂದು ಅಕ್ಕ ನಕ್ಕು ಇನ್ನೊಂದು ಸೌಟು ಬಡಿಸಿದಳು. ಫೋನನ್ನು ಗುಂಡಿಗಳ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಅಂದಿನಿಂದ ಅದು ಅಲ್ಲೇ ಇರುತ್ತಿತ್ತು. ಆಗಾಗ ಡಬ್ಬಿಯೊಳಗೆ ಗುಂಡಿಗಳು ಗಡಗಡಿಸುತ್ತಿದ್ದವು. ಅಕ್ಕ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಂಟುರಾಯ ಸುಳ್ಳು ಹೇಳಲಿಲ್ಲ, ತಾನು ನಂಬಿದ್ದನ್ನೇ ಹೇಳಿದ. ಬಾಡಿಗೆ ಮನೆಯ ತಕರಾರಿಗೂ ಫೋನಿನ ನೋಟಿಸು ಸಾಕು, ತೆರೆದು ಓದಿದರೂ ಓದದಿದ್ದರೂ ಮುಟ್ಟಿದಂತೆಯೇ ಎಂಬ ಸುತ್ತೋಲೆ ಅಷ್ಟರಲ್ಲಾಗಲೇ ಕೋರ್ಟಿನ ಫಲಕದಲ್ಲಿತ್ತು. ಅಂಟಿಸಿದವನು ಅವನೇ. ನಾಲ್ಕೂ ಮೂಲೆ ನೇರವಾಗಿ, ಒಂದು ಸುಕ್ಕೂ ಇಲ್ಲದಂತೆ ಅಂಟಿಸಿದ್ದ.

ಕೆಂಪು ಸೀಲಿನ ಕಾಗದವನ್ನು ಶಿರಸ್ತೇದಾರರು ಅವನ ಕೈಗೆ ಕೊಟ್ಟದ್ದು ಒಂದು ಸೋಮವಾರ ಬೆಳಗ್ಗೆ. ವ್ರತದಂತೆ ಅವನು ವಿಳಾಸ ಮಾತ್ರ ನೋಡಿದ. ಅಕ್ಕನ ಮನೆಯದು.

"ಸಾರ್, ಇವರಿಗೆ ನೋಟಿಸೇ ಹೋಗಿಲ್ಲ. ನನ್ನ ಕೈಗೆ ಬಂದೇ ಇಲ್ವಲ್ಲ."

ಶಿರಸ್ತೇದಾರರು ಕನ್ನಡಕ ಸರಿಮಾಡಿಕೊಂಡು ಕಂಪ್ಯೂಟರ್ ಪರದೆ ನೋಡಿದರು. "ಫೋನಿಗೆ ಹೋಗಿದೆಯಲ್ಲಯ್ಯಾ. ಮುಟ್ಟಿದೆ ಅಂತಾನೂ ಇದೆ. ಮತ್ತೆ ಮತ್ತೆ ಕಳಿಸಿದ್ದಾರೆ, ಆಯಮ್ಮ ಈ ಕಡೆ ತಲೆ ಹಾಕಿಲ್ಲ. ಕಂಪನಿಯವರ ಮಾತು ಮಾತ್ರ ಕೇಳಿ ತೀರ್ಪು ಕೊಟ್ಟಿದ್ದಾರೆ."

"ಫೋನಿಗೆ ಬಂದ್ರೆ ಸಾಕು ಅನ್ನೋದು ವ್ಯಾಪಾರದ ಕೇಸಿಗೆ ಅಲ್ವಾ ಸಾರ್?"

"ಬಾಡಿಗೆಗೂ ಬಂದು ಯಾವ ಕಾಲ ಆಯ್ತು! ಹೊರಗೆ ಫಲಕದಲ್ಲಿದೆ ನೋಡು ಹೋಗು. ನೀನೇ ಅಲ್ವೇನಯ್ಯಾ ಅಂಟಿಸಿದ್ದು?"

ಅವನು ಹೊರಗೆ ಹೋಗಿ ಫಲಕದ ಮುಂದೆ ನಿಂತು, ತಾನು ಅಂಟಿಸಿದ್ದನ್ನು ಓದಿದ. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಹಳೆಯ ಅಮೀನ ಹೇಳಿದ್ದು ಸುಳ್ಳಾಗಿರಲಿಲ್ಲ, ಕೈ ನಡುಗಿತು. ಉಗುರಿನಿಂದ ಸುತ್ತೋಲೆಯ ಒಂದು ಮೂಲೆ ಕೀಳಲು ನೋಡಿದ. ಬರಲಿಲ್ಲ, ಅಷ್ಟು ಚೆನ್ನಾಗಿ ಅಂಟಿಸಿದ್ದ.

ಒಳಗೆ ಬಂದು, "ಇದನ್ನ ತಡೆಯೋಕೆ ಆಗಲ್ವಾ ಸಾರ್?" ಎಂದ.

"ಆಯಮ್ಮ ಅರ್ಜಿ ಹಾಕಬಹುದು, ವಿಚಾರಣೆ ಆಗಬಹುದು. ಅದೆಲ್ಲ ಆಮೇಲಿನ ಮಾತು. ಮನೆ ಇವತ್ತೇ ಖಾಲಿ ಆಗಬೇಕು, ಕಂಪನಿಯವರು ಗೇಟ್ ಹತ್ರ ಕಾಯ್ತಿದ್ದಾರೆ. ಯಾಕೆ, ಗೊತ್ತಿರೋರಾ?"

ಅಕ್ಕ ಎಂದು ಹೇಳಿಬಿಟ್ಟರೆ ಕಾಗದ ಬೇರೆ ಅಮೀನನ ಕೈಗೆ ಹೋಗುತ್ತದೆ. ಬೇರೆಯವನು ಹೊಲಿಗೆ ಯಂತ್ರವನ್ನು ಎತ್ತಿ ಬೀದಿಗೆ ಒಗೆಯುತ್ತಾನೆ. ತಾನಿದ್ದರೆ ಕೈಹಿಡಿದಾದರೂ ಹೊರಗೆ ಕರೆದುಕೊಂಡು ಬರಬಹುದು. ಅಂಟುರಾಯ ಕಾಗದವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, "ಇಲ್ಲ ಸಾರ್," ಎಂದ.

ದಾರಿಯುದ್ದಕ್ಕೂ ಅಕ್ಕನಿಗೆ ಫೋನ್ ಮಾಡಿದ. ರಿಂಗಾಯಿತು, ರಿಂಗಾಯಿತು, ನಿಂತಿತು. ಗುಂಡಿಗಳ ನಡುವೆ ಅದು ಗಡಗಡಿಸುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಹಿಂದೆ ಕಂಪನಿಯವನು, ಒಬ್ಬ ಮಹಿಳಾ ಪೊಲೀಸ್, ಸಲಾಕೆ ಹಿಡಿದ ಬೀಗದವನು ಹರಟುತ್ತಾ ಬರುತ್ತಿದ್ದರು. ಅವರಿಗೆ ಇದು ಮಾಮೂಲಿ ಸೋಮವಾರ.

ಬಾಗಿಲು ಹಾಕಿತ್ತು. ಒಳಗಿಂದ ಯಂತ್ರದ ಸದ್ದು ಬರುತ್ತಿತ್ತು, ಚಿಕ್ಕಂದಿನಲ್ಲಿ ಅವನನ್ನು ಮಲಗಿಸುತ್ತಿದ್ದ ಅದೇ ಸದ್ದು. ಕದ ತಟ್ಟಲು ಕೈ ಎತ್ತಿದ. ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡ.

ಯಂತ್ರ ನಿಂತಿತು.

ಒಳಗೆ ಒಂದು ಸದ್ದಿಲ್ಲ. ಅಂಟುರಾಯ ಎಷ್ಟೋ ಬಾಗಿಲುಗಳ ಮುಂದೆ ಈ ಮೌನವನ್ನು ಕೇಳಿ ಸಮಾಧಾನಪಟ್ಟಿದ್ದ. ಇಂದು ಎತ್ತಿದ ಕೈಯಿಂದ ಕದ ಬಡಿದ.

"ಒಳಗಿಂದ ಚಿಲಕ ಹಾಕಿದೆ ಕಣ್ರೀ. ನಾಟಕ," ಎಂದ ಕಂಪನಿಯವನು. "ಒಡೆಸಿ."

"ಒಂದ್ನಿಮಿಷ ತಡೀರಿ ಸಾರ್, ಕೈ ಮುಗೀತೀನಿ," ಎಂದು ಅಂಟುರಾಯ ಬಾಗಿಲಿಗೆ ಮುಖ ಒತ್ತಿದ. "ಅಕ್ಕಾ!" ದನಿ ಬಿದ್ದುಹೋಯಿತು. ಮತ್ತೆ, ಈ ಸಲ ಇಡೀ ಬೀದಿಗೆ ಕೇಳುವಂತೆ, "ಅಕ್ಕಾ, ಬಾಗಿಲು ತೆಗಿ! ನಾನು ಹೇಳ್ತಿದ್ದೀನಿ, ತೆಗಿಯಕ್ಕಾ!"

ಬರಿಗಾಲಿನ ಹೆಜ್ಜೆಗಳು ಮೆಲ್ಲಗೆ ಬಾಗಿಲ ಬಳಿ ಬಂದು ನಿಂತವು. ಕದದ ಸಂದಿಯಿಂದ ಅಕ್ಕನ ಪಿಸುದನಿ ಬಂತು. ಅದರಲ್ಲಿ ತಡೆಹಿಡಿದ ನಗುವಿತ್ತು, ತಮ್ಮನ ಮೇಲಿನ ಹೆಮ್ಮೆಯಿತ್ತು.

"ಮನೇಲಿ ಯಾರೂ ಇಲ್ಲ ಕಣೋ ಪುಟ್ಟಾ. ಬರ್ಕೊಂಡು ಹೋಗು."

ಬೀಗದವನು ಅವನನ್ನು ಪಕ್ಕಕ್ಕೆ ಸರಿಸಿ, ಅದೇ ಸಂದಿಗೆ ಸಲಾಕೆ ಹಾಕಿದ.