ಗಡಿಗೆ ಹೋದ ಪುಟಾಣಿ ಚಟ್ನಿಪುಡಿ

ನಾನು ಕೆಲಸದಿಂದ ನಿವೃತ್ತಳಾದ ವರ್ಷ, ಬಳ್ಳಾರಿಯ ಸುಡು ಬೇಸಿಗೆಯಲ್ಲಿ, ನಾವು ಮೂವರು ಹೆಂಗಸರು ಪಡಸಾಲೆಯಲ್ಲಿ ಕೂತು ಉಣ್ಣೆಯ ಟೊಪ್ಪಿಗೆ ಹೆಣೆದೆವು. ಫ್ಯಾನ್ ಹಾಕಿದರೆ ಉಣ್ಣೆಯ ಎಳೆ ಮೂಗಿಗೆ ಹೋಗುತ್ತಿತ್ತು. ಆರಿಸಿದರೆ ಕೈ ಬೆವತು ಸೂಜಿ ಜಾರುತ್ತಿತ್ತು.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯವರ ಅಳಿಯ. ಸೈನ್ಯದಲ್ಲಿದ್ದ ಆತ ರಜೆಗೆ ಬಂದಾಗ, ಹಿಮದ ಗಡಿಯಲ್ಲಿರುವ ತನ್ನ ಜೊತೆಯವರಿಗೆ ಯಾರಾದರೂ ಒಂದು ಪೊಟ್ಟಣ ಕಳಿಸಿದರೆ ಅದೇ ಹಬ್ಬ ಎಂದಿದ್ದ. ನಾನು ತಕ್ಷಣ ವಿಳಾಸ ಬರೆಸಿಕೊಂಡೆ. ಸುದ್ದಿ ತಿಳಿದು ಕುರುಗೋಡಿನಿಂದ ಅತ್ತಿಗೆ ಬಂದರು, ಸಿರುಗುಪ್ಪದಿಂದ ಚಿಕ್ಕಮ್ಮ ಬಂದಳು.

ಹೆಣಿಗೆ ಗೊತ್ತಿದ್ದದ್ದು ಅತ್ತಿಗೆಗೆ ಮಾತ್ರ. ಚಿಕ್ಕಮ್ಮನ ಮೊದಲ ಟೊಪ್ಪಿಗೆಯನ್ನು ಅತ್ತಿಗೆ ಸುಮ್ಮನೆ ನೀರಿನ ಕೊಡದ ಮೇಲೆ ಹಾಕಿ ನೋಡಿದರು. ಸರಿಯಾಗಿ ಕೂತಿತು.

"ಇರ್ಲಿ ಬಿಡವ್ವಾ, ಅಷ್ಟು ಮಂದ್ಯಾಗ ಯಾವನರ ಒಬ್ಬ ದೊಡ್ಡ ತಲಿಯವ ಇದ್ದೇ ಇರ್ತಾನ," ಎಂದು ಚಿಕ್ಕಮ್ಮ ಸೂಜಿ ಕೆಳಗಿಟ್ಟು ಅಡುಗೆಮನೆಗೆ ಎದ್ದುಹೋದಳು. ನಮ್ಮ ಕಡೆ ಪುಟಾಣಿ ಎನ್ನುವ ಹುರಿಗಡಲೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಚಟ್ನಿಪುಡಿ ಕುಟ್ಟಿದಳು. ಅವಳ ಕೈಯಲ್ಲಿ ಪುಟಾಣಿಗಿಂತ ಮೆಣಸಿನಕಾಯಿಯೇ ಹೆಚ್ಚು. ಪುಡಿ ಕೆಂಡದಂತೆ ಕೆಂಪಗಿತ್ತು, ಕುಂಕುಮದಷ್ಟು ನುಣ್ಣಗಿತ್ತು.

ಡಬ್ಬಿ ತುಂಬುವ ಕೆಲಸ ನನ್ನದು. ಟೊಪ್ಪಿಗೆ, ಕಾಲುಚೀಲ, ಬಿಸ್ಕತ್ತು, ಶೇಂಗಾ ಉಂಡೆ ಎಲ್ಲ ಕೂಡಿಸುವಷ್ಟರಲ್ಲಿ ಜಾಗ ಮುಗಿಯಿತು. ಚಟ್ನಿಪುಡಿಯ ಪೊಟ್ಟಣಗಳನ್ನು ಹಲ್ಲುಜ್ಜುವ ಬ್ರಷ್‌ಗಳಿಗೂ ಸೋಪಿಗೂ ನಡುವೆ ತುರುಕಿದೆ. ಮೇಲೆ ದುಂಡಗಿನ ಅಕ್ಷರಗಳಲ್ಲಿ, ಅಚ್ಚಗನ್ನಡದಲ್ಲಿ, ಪುಡಿಯ ಹೆಸರನ್ನೂ ಬರೆದೆ.

ಅಂಚೆ ಕಚೇರಿಯ ಗುಮಾಸ್ತ ಡಬ್ಬಿಯನ್ನು ಅಲುಗಾಡಿಸಿ, "ಉಪ್ಪಿನಕಾಯಿ ಇಟ್ಟೀರೇನ್ರಿ? ಎಣ್ಣಿ ಸೋರಿದ್ರ ಕಳಸಾಕ ಬರಂಗಿಲ್ಲ," ಎಂದ.

"ಒಣಾ ಪುಡಿ ಐತಪ್ಪ, ಬೇಕಾದ್ರ ನೋಡು," ಎಂದು ಚಿಕ್ಕಮ್ಮ ಚೀಲದಲ್ಲಿ ಉಳಿದಿದ್ದ ಪೊಟ್ಟಣ ಬಿಚ್ಚಿ ಅವನ ಅಂಗೈಗೆ ಸುರಿದಳು. ಆತ ನೆಕ್ಕಿದ. ತುಟಿ ಚಪ್ಪರಿಸಿದ. "ಚಲೋ ಐತ್ರಿ. ಉಪ್ಪು ಒಂದೀಟು ಕಡಿಮಿ ಆಗೈತಿ," ಎಂದು ಮುದ್ರೆ ಒತ್ತಿದ.

ಚಿಕ್ಕಮ್ಮ ಬಸ್‌ಸ್ಟ್ಯಾಂಡಿನವರೆಗೂ ಅವನನ್ನು ಬೈದಳು.

ತಿಂಗಳು ಕಳೆದ ಮೇಲೆ ಮತ್ತೆ ಮೂವರೂ ನಮ್ಮ ಮನೆಯಲ್ಲಿ ಸೇರಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಡಬ್ಬಿಯಲ್ಲಿಟ್ಟ ಚೀಟಿಯಲ್ಲಿ ನನ್ನ ನಂಬರ್ ಇತ್ತು. ಆ ಕಡೆ ಒಬ್ಬ ಸೈನಿಕ, ಹಿಂದಿಯಲ್ಲಿ ಮಾತಾಡುತ್ತಿದ್ದ. ನನ್ನ ಹಿಂದಿ ಬಳ್ಳಾರಿಯ ಬಜಾರಿನಲ್ಲಿ ಕಲಿತದ್ದು. ಆದರೂ ವಿಷಯ ತಿಳಿಯಿತು.

ಅವರಲ್ಲಿ ಯಾರಿಗೂ ಕನ್ನಡ ಓದಲು ಬರುತ್ತಿರಲಿಲ್ಲವಂತೆ. ಪಕ್ಕದ ಮನೆಯ ಅಳಿಯ ಆಗಿನ್ನೂ ರಜೆಯಲ್ಲೇ ಇದ್ದ. ಬ್ರಷ್‌ಗಳ ಜೊತೆ ಕೆಂಪು ಪುಡಿ ಇದ್ದದ್ದರಿಂದ ಇದು ದಕ್ಷಿಣದ ಹಲ್ಲುಪುಡಿಯೇ ಇರಬೇಕೆಂದು ಒಬ್ಬ ಬೆಳಿಗ್ಗೆ ಎದ್ದು ಚೆನ್ನಾಗಿ ಉಜ್ಜಿಕೊಂಡನಂತೆ. ಬಾಯಿ ಮುಕ್ಕಳಿಸೋಣವೆಂದರೆ ಕ್ಯಾನಿನ ನೀರು ಕಲ್ಲಾಗಿತ್ತು. ಕೊನೆಗೆ ಹೊರಗೆ ಓಡಿ, ಹಿಮವನ್ನೇ ಬಾಯಿಗೆ ತುಂಬಿಕೊಂಡು ಕುಣಿದನಂತೆ.

ನಾನು ಇದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಚಿಕ್ಕಮ್ಮನ ಮುಖ ಮಾತ್ರ ಕಂದಿತು.

"ಅಯ್ಯ ಶಿವನ! ದೇಶ ಕಾಯೋ ಕೂಸಿನ ಬಾಯಿ ಸುಟ್ಟುಬಿಟ್ಟೆನಲ್ಲ! ಓದಿದಾಕಿ ಅದೀ, ಬ್ರಷ್‌ನ ಜೋಡಿ ಯಾಕ ಇಟ್ಟೀ?"

ನಾನು ಫೋನಿನತ್ತ ತಿರುಗಿದೆ. ಪಾಪ, ಆ ಹುಡುಗ ಈಗ ಹೇಗಿದ್ದಾನೆ ಎಂದು ಕೇಳಿದೆ. "ನಾನೇ ಅವನು," ಎಂದು ಆತ ಜೋರಾಗಿ ನಕ್ಕ. ಆಮೇಲೆ ಅನ್ನಕ್ಕೆ ತುಪ್ಪ ಹಾಕಿ ಕಲೆಸಿಕೊಂಡು ನಾಲ್ಕೇ ದಿನದಲ್ಲಿ ಖಾಲಿ ಮಾಡಿದರಂತೆ. ಆ ಚಳಿಯಲ್ಲಿ ನಾಲಿಗೆಗೆ ರುಚಿಯೇ ಮರೆತುಹೋಗಿತ್ತು, ಇನ್ನಷ್ಟು ಕಳಿಸುತ್ತೀರಾ ಎಂದು ಸಂಕೋಚದಿಂದ ಕೇಳಿದ.

ಅಷ್ಟರಲ್ಲಿ ಚಿಕ್ಕಮ್ಮ ಫೋನ್ ಕಸಿದುಕೊಂಡಳು. "ಊಟ ಆತೇನಪ್ಪಾ?"

ಆತನಿಗೆ ತಿಳಿಯಲಿಲ್ಲ. ಕನ್ನಡ ಬಾರದವರಿಗೆಲ್ಲ ತೆಲುಗು ಬರುತ್ತದೆ ಎಂಬುದು ಚಿಕ್ಕಮ್ಮನ ನಂಬಿಕೆ. "ಅನ್ನಂ ತಿನ್ನಾವಾ ನಾಯನಾ?" ಎಂದು ಅದನ್ನೇ ತೆಲುಗಿನಲ್ಲಿ ಕೂಗಿದಳು.

"ಜೀ, ಮಾಜಿ!"

"ಹಲ್ಲು ಹೆಂಗದಾವು?"

"ಜೀ, ಮಾಜಿ!"

ಅವಳು ಫೋನನ್ನು ನನ್ನ ಕೈಗಿತ್ತು, "ಹಲ್ಲು ಚಲೋ ಅದಾವಂತ," ಎಂದು ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂತಳು.