ಒಂದು ಹಿಡಿ ಜೋಳಕ್ಕೆ ಮಾರಿದ ಕೂಸು

ಮೊನ್ನೆ ಹಳೆಯ ದಿಂಬಿನ ಹೊಲಿಗೆ ಬಿಚ್ಚಿ ಅರಳೆಯನ್ನು ಬಿಸಿಲಿಗೆ ಹಾಕಿದ್ದೆ. ಕಾದ ಅರಳೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಂಬಯಿಯ ಪರೇಲಿನ ಚಾಳಿನ ಕಾಕು ನೆನಪಾದರು. ಕಾಕು ಎಂದರೆ ಚಿಕ್ಕಮ್ಮ, ಆದರೆ ಸಂಬಂಧವೇನಲ್ಲ. ಪಕ್ಕದ ಖೋಲಿಯವರು, ವಿಜಾಪುರದ ಕಡೆಯವರು. ಗಂಡ ಮಿಲ್ಲಿನಲ್ಲಿದ್ದರು, ಮಕ್ಕಳಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಧಾರವಾಡದಿಂದ ಬಂದು ಎರಡು ವರ್ಷವಾಗಿತ್ತು. ಮಗಳು ಏಳನೆಯ ತಿಂಗಳಿಗೇ ಹುಟ್ಟಿಬಿಟ್ಟಳು. ತಿಂಗಳಿಗೂ ಮಿಕ್ಕಿ ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸನ್ನು ಒಂದು ದಿನ ನರ್ಸು ನನ್ನ ಕೈಗಿಟ್ಟು, ಬೆಚ್ಚಗಿಡಿ ಎಂದು ಹೇಳಿ ಕಳಿಸಿದಳು. ಮನೆಗೆ ತಂದದ್ದು ಸಂತೋಷದ ಸಂಗತಿ ಎಂದು ಎಲ್ಲರೂ ಅಂದರು. ನನಗೆ ಹಾಗೇನೂ ಅನಿಸಲಿಲ್ಲ. ಅಲ್ಲಿ ಉಸಿರು ನೋಡಲು ಆಸ್ಪತ್ರೆಯವರಿದ್ದರು, ಇಲ್ಲಿ ನಾನೊಬ್ಬಳೇ. ನನ್ನವರು ದಾದರಿನ ಆಫೀಸಿಗೆ ಹೋಗುತ್ತಿದ್ದರು, ಕೂಸನ್ನು ಎತ್ತಿಕೊಳ್ಳಲೂ ಅಂಜುತ್ತಿದ್ದರು. ನಾನು ಗಡಿಯಾರ ನೋಡಿ ಚಮಚೆಯಿಂದ ಹಾಲು ಹಾಕಿ, ಬಟ್ಟೆ ಬದಲಿಸಿ ಈಚೆ ಬಂದುಬಿಡುತ್ತಿದ್ದೆ. ಮುಖ ನೋಡುತ್ತಿರಲಿಲ್ಲ. ಹೆಸರೂ ಇಟ್ಟಿರಲಿಲ್ಲ. ಹೆಸರಿಟ್ಟರೆ ಮುಂದೆ ಆ ಹೆಸರು ಹಿಡಿದೇ ಅಳಬೇಕಾಗುತ್ತದೆ ಎಂಬ ಭಯ.

ಕಾಕು ತಮ್ಮ ಹೊಸ ದಿಂಬನ್ನೇ ಹರಿದು, ಅರಳೆ ಕಾಯಿಸಿ ಕೂಸಿಗೆ ಹಾಸಿ ಹೊದಿಸಿದರು. ನನ್ನನ್ನೂ ಗಮನಿಸುತ್ತಿದ್ದರೆಂದು ಕಾಣುತ್ತದೆ.

"ಎಷ್ಟ ದಿನಾ ಹಿಂಗ ದೂರ ನಿಂದರ್ತೀ?" ಎಂದು ಒಂದು ಮಧ್ಯಾಹ್ನ ಕೇಳಿದರು.

"ಹೆದರಿಕಿ ಆಗ್ತದ ಕಾಕು."

"ಹಂಗಾರ ನನಗ ಮಾರಿಬಿಡು. ನೀ ಬರೇ ಹಾಲ ಕುಡಸು. ಹೆದರಿಕಿ ನಾ ನೋಡ್ಕೋತೀನಿ."

ಉಳಿಯುವುದು ಕಷ್ಟವೆನಿಸಿದ ಕೂಸನ್ನು ಮೊರದಲ್ಲಿ ಮಲಗಿಸಿ ಬೇರೆಯವರಿಗೆ ಮಾರುವ ಪದ್ಧತಿ ನಮ್ಮ ಕಡೆ ಇತ್ತು. ವಿಧಿ ಹುಡುಕಿಕೊಂಡು ಬಂದರೆ ವಿಳಾಸ ತಪ್ಪಲಿ ಅಂತ! ಕಾಕು ನನ್ನ ಉಡಿಗೆ ಒಂದು ಹಿಡಿ ಜೋಳ ಸುರಿದು ಮೊರ ಎತ್ತಿಕೊಂಡರು. ಗಳಿಗೆಯ ನಂತರ ಸಾಕಲು ಕೊಡುವಂತೆ ಮತ್ತೆ ನನ್ನ ಕೈಗಿಟ್ಟರು. ನಗು ಬರಬೇಕಿತ್ತು. ಬರಲಿಲ್ಲ. ಅಂದು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಕಾಕು ಮಾತ್ರ ಕೆಲಸ ಮುಗಿದೊಡನೆ ಬಂದು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ...

ಮೂರನೆಯ ವಾರ ಒಂದು ಬೆಳಿಗ್ಗೆ ಕೂಸು ಹಾಲು ನುಂಗಲಿಲ್ಲ. ತುಟಿ ನೀಲಿಯಾಗಿತ್ತು. ನಾನು ಕಾಕುವಿನ ಬಾಗಿಲಿಗೆ ಹೋಗಿ, "ನಿಮ್ಮ ಕೂಸ ಹಾಲ ಕುಡೀವಲ್ದು" ಅಂದೆ, ಅವರ ಮನೆಯ ಬೆಕ್ಕಿನ ಮೇಲೆ ದೂರು ಹೇಳುವವಳ ಹಾಗೆ. ಕಾಕು ಹಿಟ್ಟಿನ ಕೈಯಲ್ಲೇ ಕೂಸನ್ನು ಅರಳೆಯ ಸಮೇತ ಬಾಚಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೋದೆ. ಇದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ.

ಡಾಕ್ಟರು ಕೂಸನ್ನು ಇಸಿದುಕೊಂಡು, ತಾಯಿ ಯಾರು ಎಂದು ಮರಾಠಿಯಲ್ಲಿ ಕೇಳಿದರು. ಕಾಕು ಬಾಯಿ ತೆರೆದರು, ಮುಚ್ಚಿದರು, ನನ್ನ ಕಡೆ ನೋಡಿದರು. ಅವರು "ನಾನು" ಅಂದುಬಿಟ್ಟರೆ ಎಂದು ನಾನು ಅವರನ್ನು ಸರಿಸಿ ಮುಂದೆ ಬಂದೆ.

"ನಾನು. ನನ್ನ ಮಗಳು" ಅಂದೆ. ಹೆತ್ತ ಮೇಲೆ ಮೊದಲ ಸಲ ಅತ್ತದ್ದು ಆಗಲೇ.

ಕೂಸು ಚೇತರಿಸಿಕೊಂಡಿತು. ಎರಡು ದಿನ ಬಿಟ್ಟು ಮನೆಗೆ ಕರೆತರುವಾಗ ಕಾಕು, "ಹಂಗಾರ ನನ್ನ ಜ್ವಾಳ ವಾಪಸ್ ಕೊಡವಾ" ಎಂದು ಚೇಷ್ಟೆ ಮಾಡಿದರು. ಆ ಜೋಳ ರೊಟ್ಟಿಯಾಗಿ ಹೋಗಿತ್ತು, ಒಂದು ಹಿಡಿ ಅಕ್ಕಿ ಕೊಟ್ಟೆ. ಸೆರಗಿನಲ್ಲಿ ಕಟ್ಟಿಕೊಂಡು ತಮ್ಮ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಚಾಳಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ. ನಾನು ಮಗಳಿಗೆ ಹಾಲು ಕುಡಿಸುತ್ತಿದ್ದೆ, ತಟ್ಟಲು ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ಊರಿಗೆ ಹೊರಟುಹೋದರು. ಆಮೇಲೆ ತೀರಿಕೊಂಡ ಸುದ್ದಿ ಒಂದು ಕಾರ್ಡಿನಲ್ಲಿ ಬಂತು...

ಮಗಳಿಗೆ ಈಗ ತಲೆ ನರೆತಿದೆ. ಮನೆಗೆ ತಂದಾಗ ತಾನು ಹೇಗಿದ್ದೆ ಎಂದು ಆಗಾಗ ಕೇಳುತ್ತಾಳೆ. ನೀನು ಅಂಗೈಯಷ್ಟಿದ್ದೆ ಅನ್ನುತ್ತೇನೆ, ಎಲ್ಲರೂ ಹೇಳುವ ಮಾತು. ಕಣ್ಣು ಹೇಗಿದ್ದವು, ನಿದ್ದೆಯಲ್ಲಿ ನಗುತ್ತಿದ್ದಳೇ, ನನಗೆ ಗೊತ್ತಿಲ್ಲ. ಆ ಮೂರು ವಾರ ಅವಳನ್ನು ಕಣ್ತುಂಬ ನೋಡಿದವರು ಕಾಕು ಒಬ್ಬರೇ. ಅವರಿದ್ದಾಗ ಒಂದು ಮಾತು ಕೇಳಿಟ್ಟುಕೊಳ್ಳಬೇಕಿತ್ತು. ಕೇಳಲಿಲ್ಲ.